ಬಣ್ಣ ಹಚ್ಚದ ಅಲ್ಯೂಮಿನಿಯಂ ಬಾಡಿಯ ಸಣ್ಣ ತೂತು ಮುಚ್ಚುವ ಕ್ರಮ

ಗಾಡಿಯ ಬಾಡಿಯಿಂದ ಆಂಟೆನಾ ತೆಗೆದ ಮೇಲೆ ಒಂದು ತೂತು ಉಳಿಯುತ್ತದೆ. ಹಳೆಯ ಕನ್ನಡಿ ಕಿತ್ತು ಬೇರೆ ಕಡೆ ಕೂರಿಸಿದರೆ ಮತ್ತೆರಡು. ಕ್ಯಾರಿಯರ್ ಬಿಚ್ಚಿದರಂತೂ ಸಾಲಾಗಿ ಎಂಟು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಬಾಡಿ ಅಲ್ಯೂಮಿನಿಯಂದು, ಬಣ್ಣ ಹಚ್ಚಿಲ್ಲ, ಹಚ್ಚುವ ಮನಸ್ಸೂ ಇಲ್ಲ. ಈ ತೂತಿಗೆ ಏನು ತುಂಬಬೇಕು?"

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಬಣ್ಣವಿಲ್ಲದ ಲೋಹದ ಮೇಲೆ ಏನನ್ನೂ ಮರೆಮಾಡಲು ಬರುವುದಿಲ್ಲ. ಪುಟ್ಟಿಗೆ ಅದರದೇ ಬಣ್ಣ, ಎಪಾಕ್ಸಿಗೆ ಅದರದೇ, ಬೆಸುಗೆ ಕಡ್ಡಿಗೂ ಅದರದೇ. ಪಾಲಿಶ್ ಹೊಡೆದ ದಿನವೇ ಗುರುತು ಎದ್ದು ಕಾಣುತ್ತದೆ. ಅಲ್ಯೂಮಿನಿಯಂ ತೂತಿಗೆ ಅಲ್ಯೂಮಿನಿಯಂ ಅನ್ನೇ ತುಂಬಬೇಕು. ಸುಮಾರು 6 ಮಿ.ಮೀ. ಒಳಗಿನ ತೂತಿಗೆ ಬೆಂಕಿಯೂ ಬೇಕಿಲ್ಲ: ಮೆತ್ತನೆಯ ಲೋಹದ, ಒಳಗೆ ಪೊಳ್ಳಿಲ್ಲದ ರಿವೆಟ್ (ತಲೆಯಿರುವ ಸಣ್ಣ ಲೋಹದ ಕಡ್ಡಿ) ಒಂದನ್ನು ತೂತಿನಲ್ಲಿಟ್ಟು ಬಡಿದು ಹಿಗ್ಗಿಸಬೇಕು, ಮೇಲೆ ಉಳಿದದ್ದನ್ನು ಕಾನಸದಿಂದ (ಅರದಿಂದ) ಉಜ್ಜಿ ಸಮ ಮಾಡಬೇಕು. ಬೀದರಿನ ಬಿದ್ರಿ ಕುಶಲಕರ್ಮಿಗಳು ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಬಡಿದು, ಅಂಟಿಲ್ಲದೆ, ಬೆಸುಗೆಯಿಲ್ಲದೆ ಕೂರಿಸುತ್ತಾರಲ್ಲ, ಇಲ್ಲಿಯೂ ಅದೇ ತತ್ವ. ಮೆತ್ತನೆಯ ಲೋಹ ಪೆಟ್ಟಿಗೆ ಹರಡಿ ಅಂಚನ್ನು ಕಚ್ಚಿಕೊಂಡರೆ ಮತ್ತೆ ಈಚೆ ಬರುವುದಿಲ್ಲ.

ವೆಲ್ಡಿಂಗ್ ಬೇಕಾಗುವುದು ದೊಡ್ಡ ತೂತಿಗೆ. ಅದನ್ನು ಕೊನೆಗೆ ಹೇಳಿದ್ದೇವೆ.

ಮೊದಲು ತೂತು ಯಾವ ಬಗೆಯದು ನೋಡಿ

ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಕಬ್ಬಿಣ. ಈ ಲೇಖನ ಆ ಗಾಡಿಗಲ್ಲ. ಅಂಟದಿದ್ದರೆ ಒಳಗಿನ ಕಾಣದ ಮೂಲೆಯಲ್ಲಿ ಮೊಳೆಯಿಂದ ಸಣ್ಣಗೆ ಗೀರಿ. ಬೆಳ್ಳಗೆ, ಮೆತ್ತಗೆ ಗೀರು ಬಿದ್ದರೆ ಅಲ್ಯೂಮಿನಿಯಂ. ಹಳೆಯ ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳ ಹೊರಮೈ ಬಹುಪಾಲು ಮೆಗ್ನೀಷಿಯಂ ಬೆರೆಸಿದ ಅಲ್ಯೂಮಿನಿಯಂ ತಗಡಿನದು, ಅದರ ಒಳಗಿನ ಚೌಕಟ್ಟು ಕಬ್ಬಿಣದ್ದು. ಬಸ್ಸು, ಹಾಲಿನ ವ್ಯಾನು, ಕಂಟೇನರ್ ಬಾಡಿಗಳಲ್ಲೂ ಕಬ್ಬಿಣದ ಕಂಬಗಳ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸುವ ರೂಢಿಯಿದೆ. ಕೆಳಗಿನ ಕ್ರಮ ಇವೆಲ್ಲಕ್ಕೂ ನಡೆಯುತ್ತದೆ.

ಒಂದು ಗಡಿ ಮಾತ್ರ ದಾಟಬೇಡಿ. ಹೊಸ ಕಾಲದ ದುಬಾರಿ ಕಾರುಗಳಲ್ಲಿ ಬಾಗಿಲ ಕಂಬ, ಚಾಸಿಯ ಅಡ್ಡಪಟ್ಟಿಗಳೂ ಅಲ್ಯೂಮಿನಿಯಂ ಇರುತ್ತವೆ. ಅವು ಗಾಡಿಯ ಭಾರ ಹೊರುವ, ಅಪಘಾತದ ಪೆಟ್ಟು ತಡೆಯುವ ಭಾಗಗಳು. ಶಾಖ ಕೊಟ್ಟು ಗಟ್ಟಿ ಮಾಡಿದ ಆ ಮಿಶ್ರಲೋಹ ಮತ್ತೆ ಕಾಯಿಸಿದರೆ ಬಲ ಕಳೆದುಕೊಳ್ಳುತ್ತದೆ. ಅಲ್ಲಿನ ತೂತು ಕಂಪನಿಯ ವರ್ಕ್‌ಶಾಪಿನ ಕೆಲಸ. ಈ ಲೇಖನದ ಮಾತು ಹೊರಮೈಯ ತಗಡಿಗೆ ಮಾತ್ರ.

ಈಗ ತೂತಿನ ಸುತ್ತ ನೋಡಿ. ಸ್ಕ್ರೂ ತೆಗೆದ ತೂತಾದರೆ ಅಂಚು ಹೊಳೆಯುತ್ತಿರುತ್ತದೆ, ತಗಡು ಪೂರ್ತಿ ದಪ್ಪ ಇರುತ್ತದೆ. ಇದು ಸುಲಭದ ಕೆಲಸ. ಸುತ್ತ ಬಿಳಿ ಹುಡಿ ಕಂಡರೆ ಅದು ತುಕ್ಕು ಹಿಡಿದ ತೂತು. ಅಲ್ಯೂಮಿನಿಯಂ ತುಕ್ಕು ಕೆಂಪಗಿರುವುದಿಲ್ಲ, ಸುಣ್ಣದ ಹುಡಿಯಂತೆ ಬಿಳಿ. ಕಬ್ಬಿಣದ ಸ್ಕ್ರೂ ಅಥವಾ ಕಂಬ ಅಲ್ಯೂಮಿನಿಯಂಗೆ ತಾಗಿ, ನಡುವೆ ನೀರು ನಿಂತರೆ ಅದೊಂದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತದೆ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಇಂಥ ಕಡೆ ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಒಂದು ತೂತು ಇದೆಯೆಂದುಕೊಂಡಲ್ಲಿ ಸೂಜಿ ಮೊನೆಯಂಥ ಹತ್ತು ಕಾಣಬಹುದು. ದಬ್ಬಣದಿಂದ ಸುತ್ತ ಒತ್ತಿ ನೋಡಿ. ತಗಡು ಒಳಕ್ಕೆ ಹೋದರೆ ಅಲ್ಲಿ ರಿವೆಟ್ ಹಿಡಿಯಲು ಲೋಹವೇ ಉಳಿದಿಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತುಂಡು ಕೂರಿಸುವುದೇ ದಾರಿ.

ತೂತಿನಿಂದ ಬಿರುಕು ಹೊರಟಿದೆಯೇ ಎಂದೂ ನೋಡಿ. ಕೂದಲೆಳೆಯಂಥ ಬಿರುಕು ಇದ್ದರೂ ಅದರ ತುದಿಯಲ್ಲಿ 2.5 ಮಿ.ಮೀ. ತೂತು ಕೊರೆಯಬೇಕು. ಇಲ್ಲದಿದ್ದರೆ ನೀವು ಬಡಿಯುವ ಪೆಟ್ಟಿಗೇ ಬಿರುಕು ಮುಂದೆ ಓಡುತ್ತದೆ.

ಬೇಕಾಗುವ ಸಾಮಾನು

ಗಟ್ಟಿ ಅಲ್ಯೂಮಿನಿಯಂ ರಿವೆಟ್ ಮುಖ್ಯ. ಗಟ್ಟಿ ಎಂದರೆ ನಡುವೆ ಮೊಳೆಯಿಲ್ಲದ, ಒಳಗೆ ಪೊಳ್ಳಿಲ್ಲದ ರಿವೆಟ್. ಗನ್ನಿನಿಂದ ಎಳೆಯುವ ಪಾಪ್ ರಿವೆಟ್ ಬೇರೆ. ಅಲ್ಯೂಮಿನಿಯಂ ಪಾತ್ರೆಗಳ ಹಿಡಿ ಕೂರಿಸುವವರ ಬಳಿ, ಬಸ್ ಬಾಡಿ ಕಟ್ಟುವ ಕಡೆ ಇದು ಸಿಗುತ್ತದೆ. ಅಂಗಡಿಯಲ್ಲಿ ಸೂತಿನ ಲೆಕ್ಕದಲ್ಲಿ ಕೇಳಿ: ಒಂದು ಸೂತ್ ಎಂದರೆ ಇಂಚಿನ ಎಂಟನೇ ಒಂದು ಭಾಗ, 3.2 ಮಿ.ಮೀ.; ಒಂದೂವರೆ ಸೂತ್ 4.8, ಎರಡು ಸೂತ್ 6.35. ತಲೆ ಗುಂಡಗಿರಲಿ. ಚಪ್ಪಟೆ ತಲೆಯ ರಿವೆಟ್ ತರುವುದು ತುಂಬಾ ಜನ ಮಾಡುವ ತಪ್ಪು. 4 ಮಿ.ಮೀ. ರಿವೆಟ್ಟಿನ ಚಪ್ಪಟೆ ತಲೆ ಸುಮಾರು 2 ಮಿ.ಮೀ. ಆಳ ಕೇಳುತ್ತದೆ, ನಿಮ್ಮ ತಗಡು ಇರುವುದೇ 1.2 ಮಿ.ಮೀ. ಅದನ್ನು ಕೂರಿಸಲು ಹೊರಟರೆ ತೂತು ಅಗಲವಾಗುತ್ತದೆಯೇ ಹೊರತು ತಲೆ ಕೂರುವುದಿಲ್ಲ.

ತೀರಾ ಸಣ್ಣ ತೂತಿಗೆ ಒಂಟಿ ಎಳೆಯ ಅಲ್ಯೂಮಿನಿಯಂ ಕರೆಂಟ್ ವೈರ್ ಒಳ್ಳೆಯ ಸಾಮಾನು. ಹೆಚ್ಚು ಕಡಿಮೆ ಶುದ್ಧ ಅಲ್ಯೂಮಿನಿಯಂ, ಬಹಳ ಮೆತ್ತಗೆ. 4 ಚದರ ಮಿ.ಮೀ. ವೈರಿನ ಎಳೆ 2.25 ಮಿ.ಮೀ. ದಪ್ಪ, 6 ಚದರ ಮಿ.ಮೀ. ವೈರಿನದು 2.75.

ಇದರ ಜೊತೆಗೆ:

- ತಗಡಿನ ದಪ್ಪ, ತೂತಿನ ಅಗಲ ಅಳೆಯಲು ವರ್ನಿಯರ್. 18 ಗೇಜ್ ತಗಡು 1.2 ಮಿ.ಮೀ., 20 ಗೇಜ್ 0.9, 16 ಗೇಜ್ 1.6.
- ಸ್ಟೆಪ್ ಬಿಟ್ (ಮೆಟ್ಟಿಲಿನಂತೆ ಅಗಲವಾಗುತ್ತ ಹೋಗುವ ಡ್ರಿಲ್ ಬಿಟ್) ಮತ್ತು 90 ಡಿಗ್ರಿಯ ಕೌಂಟರ್‌ಸಿಂಕ್ (ತೂತಿನ ಬಾಯಿಯನ್ನು ಲಾಳಿಕೆಯಂತೆ ಇಳಿಜಾರು ಮಾಡುವ ಬಿಟ್).
- 200ರಿಂದ 250 ಗ್ರಾಂ ತೂಕದ, ಒಂದು ಕಡೆ ಗುಂಡು ಇರುವ ಸುತ್ತಿಗೆ. ಜೊತೆಗೆ ಒಂದು ಕಟ್ಟಿಗೆ ಸುತ್ತಿಗೆ.
- ಡಾಲಿ, ಅಂದರೆ ಹಿಂದಿನಿಂದ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ. ತೂಕ ಕನಿಷ್ಠ 1 ಕೆ.ಜಿ. ಲೇಥ್ ಅಂಗಡಿಯಲ್ಲಿ ಅದರ ಮುಖಕ್ಕೆ ರಿವೆಟ್ ತಲೆ ಕೂರುವಷ್ಟು ಸಣ್ಣ ಕುಳಿ ಹೊಡೆಸಿಕೊಳ್ಳಿ.
- ಹೊಸ ಕಾನಸ, ಸ್ಟೇನ್‌ಲೆಸ್ ತಂತಿಯ ಬ್ರಷ್, 320ರಿಂದ 2000 ನಂಬರಿನವರೆಗೆ ವಾಟರ್ ಪೇಪರ್, ಅಸಿಟೋನ್, ಎಪಾಕ್ಸಿ ಪ್ರೈಮರ್.

ಕಾನಸ, ಬ್ರಷ್ ಎರಡನ್ನೂ ಅಲ್ಯೂಮಿನಿಯಂಗೆಂದೇ ಬೇರೆ ಇಡಿ. ಕಬ್ಬಿಣ ಉಜ್ಜಿದ ಕಾನಸದಿಂದ ಕಬ್ಬಿಣದ ಕಣಗಳು ಮೆತ್ತನೆಯ ಅಲ್ಯೂಮಿನಿಯಂ ಒಳಗೆ ಹೂತು ಕೂರುತ್ತವೆ. ಅಂದು ಏನೂ ಕಾಣುವುದಿಲ್ಲ. ಮೊದಲ ಮಳೆಯ ನಂತರ ಹೊಳೆಯುವ ಬಾಡಿಯ ಮೇಲೆ ಕೆಂಪು ಚುಕ್ಕೆಗಳು ಏಳುತ್ತವೆ. ಇದೇ ಕಾರಣಕ್ಕೆ ಕಬ್ಬಿಣದ ಉಣ್ಣೆ, ಸಾದಾ ತಂತಿ ಬ್ರಷ್ ಮುಟ್ಟಲೇಬೇಡಿ.

ಹಂತ 1: ತೂತಿನ ಸುತ್ತ ತಗಡನ್ನು ಸಮ ಮಾಡಿ

ಸ್ಕ್ರೂ ಬಿಗಿದಲ್ಲಿ ತಗಡು ಒಳಕ್ಕೆ ಕುಗ್ಗಿರುತ್ತದೆ, ಅಂಚು ಹಿಂಬದಿಗೆ ತುಟಿಯಂತೆ ತಿರುಗಿರುತ್ತದೆ. ಮೊದಲು ಹಿಂಬದಿಯ ತುಟಿಯನ್ನು ಕಾನಸದಿಂದ ತೆಗೆಯಿರಿ. ಆಮೇಲೆ ಹೊರಗೆ ಡಾಲಿಯ ಸಪಾಟು ಮುಖ ಹಿಡಿದು, ಒಳಗಿನಿಂದ ಕಟ್ಟಿಗೆ ಸುತ್ತಿಗೆಯಲ್ಲಿ ಹಗುರಾಗಿ ತಟ್ಟಿ ಮಟ್ಟಕ್ಕೆ ತನ್ನಿ. ಕಬ್ಬಿಣದ ಸುತ್ತಿಗೆಯಿಂದ ಬಡಿದರೆ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡು ಎಣ್ಣೆ ಡಬ್ಬದ ತಳದಂತೆ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಟಪ್ ಎನ್ನುತ್ತದೆ. ಅದನ್ನು ಸರಿ ಮಾಡುವುದು ತೂತು ಮುಚ್ಚುವುದಕ್ಕಿಂತ ಹತ್ತು ಪಟ್ಟು ಕಷ್ಟ.

ಹಂತ 2: ತೂತನ್ನು ದುಂಡಗೆ ಮಾಡಿ

ಹಳೆಯ ಸ್ಕ್ರೂ ತೂತು ದುಂಡಗಿರುವುದು ಅಪರೂಪ. 4 ಮಿ.ಮೀ. ಇದ್ದದ್ದು ಅಲುಗಾಡಿ ಒಂದು ಕಡೆ 5 ಆಗಿರುತ್ತದೆ. ಅದರ ಅತಿ ಅಗಲದ ಕಡೆಯನ್ನು ಅಳೆದು, ಅದಕ್ಕಿಂತ ಮುಂದಿನ ರಿವೆಟ್ ಆರಿಸಿ. ತೂತು ರಿವೆಟ್‌ಗಿಂತ 0.1 ಮಿ.ಮೀ. ಮಾತ್ರ ಅಗಲ ಇರಲಿ: 4.8ರ ರಿವೆಟ್‌ಗೆ 4.9ರ ತೂತು. ಅರ್ಧ ಮಿ.ಮೀ. ಸಡಿಲವಾದರೆ ಬಡಿಯುವಾಗ ರಿವೆಟ್ ಒಂದು ಪಕ್ಕಕ್ಕೆ ವಾಲಿ, ಇನ್ನೊಂದು ಪಕ್ಕದಲ್ಲಿ ಚಂದ್ರನ ಗೆರೆಯಂತೆ ಸಂದು ಉಳಿಯುತ್ತದೆ.

ಸಾದಾ ಡ್ರಿಲ್ ಬಿಟ್ ತೆಳು ತಗಡನ್ನು ಕಚ್ಚಿ ಎಳೆಯುತ್ತದೆ, ತೂತು ಮೂರು ಮೂಲೆಯಾಗುತ್ತದೆ. ಅದಕ್ಕೇ ಮೊದಲು ಸ್ಟೆಪ್ ಬಿಟ್. ಅದರ ಮೆಟ್ಟಿಲು ನಿಮ್ಮ ಅಳತೆಗೆ ಹೊಂದದಿದ್ದರೆ ಹಿಂದೆ ಕಟ್ಟಿಗೆ ತುಂಡು ಆನಿಸಿ, ಕೊನೆಯ ಅರ್ಧ ಮಿ.ಮೀ. ಮಾತ್ರ ಸಾದಾ ಬಿಟ್‌ನಿಂದ ತೆಗೆಯಿರಿ. ಡ್ರಿಲ್ ನಿಧಾನ ತಿರುಗಲಿ, ಬಿಟ್‌ಗೆ ಎರಡು ಹನಿ ಚಿಮಣಿ ಎಣ್ಣೆ ಇರಲಿ. ಒಣಗೆ ಕೊರೆದರೆ ಅಲ್ಯೂಮಿನಿಯಂ ಬಿಟ್‌ಗೆ ಮೆತ್ತಿಕೊಂಡು ತೂತಿನ ಗೋಡೆ ಹರಿಯುತ್ತದೆ.

ಹಂತ 3: ಹೊರಬಾಯಿಗೆ ಇಳಿಜಾರು ಕೊಡಿ

ಇಡೀ ಕೆಲಸ ನಿಲ್ಲುವುದು ಈ ಹಂತದ ಮೇಲೆ. ರಿವೆಟ್ಟಿನ ಒಳತುದಿಯನ್ನು ಅದರ ಗುಂಡು ತಲೆ ಹಿಡಿಯುತ್ತದೆ. ಹೊರತುದಿಯನ್ನು ಹಿಡಿಯುವುದು ಈ ಇಳಿಜಾರಿನೊಳಗೆ ಹರಡಿದ ಲೋಹ.

ಆಳ ತಗಡಿನ ದಪ್ಪದ ಮೂರನೇ ಒಂದು ಭಾಗ ಸಾಕು. 1.2 ಮಿ.ಮೀ. ತಗಡಿಗೆ 0.4 ಮಿ.ಮೀ. ಅಷ್ಟು ಆಳವನ್ನು ಅಳೆಯುವುದು ಕಷ್ಟ, ಆದರೆ ಬಾಯಿಯ ಅಗಲ ಅಳೆಯುವುದು ಸುಲಭ: 90 ಡಿಗ್ರಿ ಬಿಟ್‌ನಲ್ಲಿ ಬಾಯಿ ತೂತಿಗಿಂತ ಆಳದ ಎರಡರಷ್ಟು ಹೆಚ್ಚು ಅಗಲವಾಗುತ್ತದೆ. 4.9ರ ತೂತಿನ ಬಾಯಿ 5.7 ಆದಾಗ ನಿಲ್ಲಿಸಿ. 0.9ರ ತಗಡಾದರೆ 5.5ಕ್ಕೇ ನಿಲ್ಲಿಸಿ. ಬಿಟ್ಟನ್ನು ಡ್ರಿಲ್‌ಗೆ ಹಾಕಬೇಡಿ, ಕೈಯಲ್ಲೇ ತಿರುಗಿಸಿ. ಡ್ರಿಲ್ ಒಂದು ಕ್ಷಣ ಹೆಚ್ಚು ತಿರುಗಿದರೆ ಅಂಚು ಬ್ಲೇಡಿನಂತೆ ತೆಳುವಾಗುತ್ತದೆ, ಸುತ್ತಿಗೆ ಬಿದ್ದ ಕೂಡಲೇ ಮಡಚಿಕೊಳ್ಳುತ್ತದೆ. ಹಾಗಾದರೆ ದೊಡ್ಡ ರಿವೆಟ್‌ನೊಂದಿಗೆ ಹಂತ 2ರಿಂದ ಮತ್ತೆ ಶುರು.

ಹಂತ 4: ಸ್ವಚ್ಛ ಮಾಡಿ

ಮೊದಲು ಅಸಿಟೋನ್ ಬಟ್ಟೆಯಿಂದ ಜಿಡ್ಡು ತೆಗೆಯಿರಿ, ಆಮೇಲೆ ಸ್ಟೇನ್‌ಲೆಸ್ ಬ್ರಷ್. ಈ ಕ್ರಮ ತಿರುಗಿಸಬೇಡಿ. ಮೊದಲೇ ಬ್ರಷ್ ಮಾಡಿದರೆ ಜಿಡ್ಡು ಲೋಹದೊಳಗೆ ತಿಕ್ಕಿಹೋಗುತ್ತದೆ. ಒಳಗಡೆ ತಲೆ ಕೂರುವ ಜಾಗಕ್ಕೆ ಎಪಾಕ್ಸಿ ಪ್ರೈಮರ್ ತೆಳುವಾಗಿ ಸವರಿ, ಹಸಿಯಿರುವಾಗಲೇ ರಿವೆಟ್ ಹಾಕಿ. ನೀರು ನುಗ್ಗದಂತೆ ತಡೆಯುವುದು ಅದೇ.

ನಮ್ಮ ಕಡೆಯ ಬೇಸಿಗೆಯ ಬಗ್ಗೆ ಇಲ್ಲೊಂದು ಮಾತು. ಏಪ್ರಿಲ್, ಮೇ ಬಿಸಿಲಲ್ಲಿ ನಿಂತ ಗಾಡಿಯ ತಗಡು ಕೈ ಇಡಲಾರದಷ್ಟು ಕಾಯುತ್ತದೆ. ಅಸಿಟೋನ್ ಒರೆಸುವ ಮೊದಲೇ ಹಾರಿ, ಕರಗಿದ ಜಿಡ್ಡು ಅಲ್ಲೇ ಕೂರುತ್ತದೆ. ಬೆರೆಸಿಟ್ಟ ಎಪಾಕ್ಸಿ ಡಬ್ಬದಲ್ಲೇ ಗಟ್ಟಿಯಾಗುತ್ತದೆ. ಬೆಳಗ್ಗೆ 8ರ ಒಳಗೆ, ನೆರಳಲ್ಲಿ, ರಾತ್ರಿ ತಣಿದ ತಗಡಿನ ಮೇಲೆ ಕೆಲಸ ಮಾಡಿ.

ಹಂತ 5: ರಿವೆಟ್ ಬಡಿಯಿರಿ

ಇಬ್ಬರು ಬೇಕು. ಒಬ್ಬರು ಒಳಗೆ, ಒಬ್ಬರು ಹೊರಗೆ.

ರಿವೆಟ್ಟನ್ನು ಒಳಗಿನಿಂದ ಹೊರಕ್ಕೆ ತೂರಿಸಿ. ಗುಂಡು ತಲೆ ಒಳಗೆ ಉಳಿಯುತ್ತದೆ, ಯಾರಿಗೂ ಕಾಣುವುದಿಲ್ಲ. ಹೊರಗೆ ಬಂದ ತುದಿಯನ್ನು 2 ಮಿ.ಮೀ. ಬಿಟ್ಟು ಕತ್ತರಿಸಿ, ಕಾನಸದಿಂದ ನೇರ ಮಾಡಿ. ಹೆಚ್ಚು ಉದ್ದ ಬಿಟ್ಟರೆ ಪೆಟ್ಟಿಗೆ ಬಾಗುತ್ತದೆ, ಒಂದೇ ಮಿ.ಮೀ. ಬಿಟ್ಟರೆ ಇಳಿಜಾರು ತುಂಬುವುದಿಲ್ಲ.

ಒಳಗಿನವರು ಡಾಲಿಯ ಕುಳಿಯಲ್ಲಿ ತಲೆ ಕೂರಿಸಿ, ಮೈಭಾರ ಹಾಕಿ ಒತ್ತಿ ಹಿಡಿಯಬೇಕು. ಡಾಲಿ ಸಡಿಲವಾದರೆ ಪೆಟ್ಟೆಲ್ಲ ತಗಡಿಗೇ ಬಿದ್ದು ಸುತ್ತಲೂ ತಗ್ಗು ಬೀಳುತ್ತದೆ. ಹೊರಗಿನವರು ಮೊದಲು ಸುತ್ತಿಗೆಯ ಚಪ್ಪಟೆ ಮುಖದಿಂದ ನಾಲ್ಕೈದು ನೇರ ಪೆಟ್ಟು ಕೊಡಲಿ. ರಿವೆಟ್ಟಿನ ಮೈ ತೂತಿನೊಳಗೇ ದಪ್ಪವಾಗಿ ಗೋಡೆಗೆ ಒತ್ತುವುದು ಈ ಪೆಟ್ಟುಗಳಿಂದ. ಆಮೇಲೆ ಸುತ್ತಿಗೆಯ ಗುಂಡು ಕಡೆಯಿಂದ ನಡುವಿನಿಂದ ಅಂಚಿಗೆ ಸುತ್ತುತ್ತ ಸಣ್ಣ ಪೆಟ್ಟು: ಲೋಹ ಇಳಿಜಾರಿಗೆ ಹರಿಯುತ್ತದೆ. ಕೊನೆಗೆ ಮತ್ತೆರಡು ಚಪ್ಪಟೆ ಪೆಟ್ಟು. ಒಟ್ಟು ಹತ್ತು ಹನ್ನೆರಡರಲ್ಲಿ ಮುಗಿಯಬೇಕು. ಅಲ್ಯೂಮಿನಿಯಂ ಬಡಿದಷ್ಟೂ ಗಡುಸಾಗುತ್ತದೆ. ಇಪ್ಪತ್ತು ಮೂವತ್ತು ಪೆಟ್ಟು ಬಿದ್ದರೆ ತಲೆಯ ಅಂಚು ಹೂವಿನಂತೆ ಸೀಳುತ್ತದೆ, ಸುತ್ತಲಿನ ತಗಡೂ ಹಿಗ್ಗುತ್ತದೆ.

ರಿವೆಟ್ ಮೊದಲೇ ಗಡುಸಾಗಿದ್ದರೆ ಮೆತ್ತಗೆ ಮಾಡಿಕೊಳ್ಳಿ. ಅದರ ಮೇಲೆ ಬಟ್ಟೆ ಸೋಪಿನ ಗೆರೆ ಎಳೆದು ಗ್ಯಾಸ್ ಒಲೆಯ ಸಣ್ಣ ಉರಿಯಲ್ಲಿ ಇಕ್ಕಳದಿಂದ ಹಿಡಿಯಿರಿ. ಸೋಪಿನ ಗೆರೆ ಕಪ್ಪಾದ ಕೂಡಲೇ ತೆಗೆದು ತಣಿಯಲು ಬಿಡಿ. ಸೋಪು ಯಾಕೆಂದರೆ ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. 660 ಡಿಗ್ರಿಯಲ್ಲಿ, ಬಣ್ಣ ಬದಲಿಸದೆಯೇ, ಕರಗಿ ಬಿದ್ದುಬಿಡುತ್ತದೆ.

ತೂತುಗಳು ಪಕ್ಕಪಕ್ಕ ಇದ್ದರೆ ಒಂದನ್ನು ಬಡಿದು ಮುಗಿಸಿದ ಮೇಲೇ ಇನ್ನೊಂದನ್ನು ಕೊರೆಯಿರಿ. ಎರಡರ ಅಂಚುಗಳ ನಡುವೆ ರಿವೆಟ್ಟಿನ ಎರಡು ಪಟ್ಟು ಅಂತರವೂ ಇಲ್ಲದಿದ್ದರೆ ಈ ವಿಧಾನ ಬಿಡಿ, ನಡುವಿನ ತಗಡು ಹರಿಯುತ್ತದೆ.

ಹಂತ 6: ಕಾನಸದಿಂದ ಸಮ ಮಾಡಿ

ರಿವೆಟ್ ಸುತ್ತ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ. ಕಾನಸದ ಹಲ್ಲುಗಳಿಗೆ ಸೀಮೆಸುಣ್ಣ ಚೆನ್ನಾಗಿ ಉಜ್ಜಿಕೊಳ್ಳಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಚೂರು ಹಲ್ಲಿನಲ್ಲಿ ಸಿಕ್ಕಿ, ಆಳವಾದ ಗೀರು ಎಳೆಯುತ್ತದೆ. ಆ ಒಂದು ಗೀರು ತೆಗೆಯಲು ಅರ್ಧ ದಿನದ ಪೇಪರ್ ಕೆಲಸ ಬೇಕು. ಕಾನಸ ಟೇಪ್ ಮುಟ್ಟುವವರೆಗೆ ಉಜ್ಜಿ, ಟೇಪ್ ಕಿತ್ತು, ಉಳಿದ ಕೂದಲೆಳೆಯಷ್ಟು ಎತ್ತರವನ್ನು 320 ಪೇಪರ್ ಸುತ್ತಿದ ಕಟ್ಟಿಗೆ ತುಂಡಿನಿಂದ ತೆಗೆಯಿರಿ.

ಗ್ರೈಂಡರ್ ಬಳಸಬೇಡಿ. ಕಬ್ಬಿಣ ಉಜ್ಜುವ ಸಾದಾ ಡಿಸ್ಕಿಗೆ ಅಲ್ಯೂಮಿನಿಯಂ ಮೆತ್ತಿಕೊಂಡರೆ ಡಿಸ್ಕ್ ಕಾದು ಒಡೆಯಬಹುದು. ಅಲ್ಯೂಮಿನಿಯಂ ಹುಡಿಯೂ, ಕಬ್ಬಿಣದ ತುಕ್ಕಿನ ಹುಡಿಯೂ ಬೆರೆತ ಕಡೆ ಕಿಡಿ ಬಿದ್ದರೆ ಭಯಂಕರವಾಗಿ ಉರಿಯುತ್ತದೆ. ಕೆಲಸ ಮುಗಿದ ಮೇಲೆ ಅಲ್ಯೂಮಿನಿಯಂ ಹುಡಿಯನ್ನು ಬೇರೆಯಾಗಿ ಗುಡಿಸಿ ತೆಗೆಯಿರಿ.

ಹಂತ 7: ಮೈ ಹೊಂದಿಸಿ

ರಿವೆಟ್ ಇದ್ದ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ, ಬೆಳಕು ಬಿದ್ದಾಗ ತಟ್ಟೆಯಂತೆ ಕಾಣುತ್ತದೆ. ಸುತ್ತ ಒಂದು ಗೇಣು ಜಾಗವನ್ನು ಸೇರಿಸಿಕೊಳ್ಳಿ. 320, 400, 600, 800, 1000, 1500, 2000, ಹೀಗೆ ಏರುತ್ತ ಹೋಗಿ. ಪ್ರತಿ ಪೇಪರನ್ನೂ ಹಿಂದಿನದಕ್ಕೆ ಅಡ್ಡ ದಿಕ್ಕಿಗೆ ಉಜ್ಜಿ. ಹಿಂದಿನ ಗೆರೆ ಪೂರ್ತಿ ಮಾಯವಾದ ಮೇಲೇ ಮುಂದಿನ ನಂಬರ್. ಸೋಪು ನೀರು ಹಚ್ಚುತ್ತಿರಿ. ಒಂದು ನಂಬರ್ ಹಾರಿಸಿದರೂ ಪಾಲಿಶ್ ಆದ ಮೇಲೆ ಆಳದ ಗೆರೆಗಳು ಕಣ್ಣಿಗೆ ಹೊಡೆಯುತ್ತವೆ, ಆಗ ಮತ್ತೆ ಹಿಂದಕ್ಕೆ ಹೋಗಬೇಕು.

ನಿಮ್ಮ ಬಾಡಿ ಕನ್ನಡಿಯಂತಿಲ್ಲದೆ ಒಂದೇ ದಿಕ್ಕಿನ ಗೆರೆಯ ಮಂದ ಹೊಳಪಿನದಾದರೆ ಕೆಲಸ ಹಗುರ. 400ರಲ್ಲೇ ನಿಲ್ಲಿಸಿ, ಕೊನೆಯ ಉಜ್ಜನ್ನು ಹಳೆಯ ಗೆರೆಗಳ ದಿಕ್ಕಿಗೆ ಉದ್ದಕ್ಕೆ ಎಳೆಯಿರಿ. ರಿವೆಟ್ ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ.

ಕನ್ನಡಿ ಹೊಳಪಿನ ಮೇಲೆ ಮಾತ್ರ, ಓರೆ ಬೆಳಕಿನಲ್ಲಿ ತೆಳುವಾದ ಉಂಗುರದ ಗೆರೆ ಕಂಡರೂ ಕಾಣಬಹುದು. ಪಾತ್ರೆ ರಿವೆಟ್ಟಿನ ಲೋಹವೂ ನಿಮ್ಮ ತಗಡಿನ ಮಿಶ್ರಲೋಹವೂ ಹೊಳಪಿನಲ್ಲಿ ಒಂದು ಕೂದಲು ಬೇರೆ. ಅದೂ ಬೇಡವೆನ್ನುವವರು ಅದೇ ಬಾಡಿಯ ಕಾಣದ ಮೂಲೆಯಿಂದ ತಗಡು ಕತ್ತರಿಸಿ ವೆಲ್ಡಿಂಗ್ ದಾರಿ ಹಿಡಿಯಬೇಕು. ಆದರೆ ವೆಲ್ಡಿಂಗ್ ಎಳೆತಕ್ಕೆ ತಗಡು ಡೊಂಕಾಗುವ ಅಪಾಯ ಆ ಉಂಗುರಕ್ಕಿಂತ ದೊಡ್ಡದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಹಿಂಬದಿಗೆ ಕೈ ಹೋಗದಿದ್ದರೆ

ಮೊದಲು ಒಳಗಿನ ಹೊದಿಕೆ, ಬಾಗಿಲ ಪ್ಯಾಡ್, ದೀಪ ಬಿಚ್ಚಿ ನೋಡಿ. ಕೈ ಹೋಗುವುದಿಲ್ಲ ಎಂದುಕೊಂಡ ಎಷ್ಟೋ ಕಡೆ ಉದ್ದ ಕಬ್ಬಿಣದ ಪಟ್ಟಿಯಾದರೂ ಹೋಗುತ್ತದೆ. ತುದಿ ಭಾರವಿದ್ದರೆ ಅದೇ ಡಾಲಿ. ಅದೂ ಆಗದಿದ್ದರೆ ತುದಿ ಮುಚ್ಚಿದ ಪಾಪ್ ರಿವೆಟ್ ಹಾಕಿ. ಅದರ ತಲೆ ಹೊರಗೆ ಕಾಣುತ್ತದೆ, ಆದರೆ ನೀರು ಬಿಡುವುದಿಲ್ಲ. ಮೈಯೂ ಒಳಗಿನ ಮೊಳೆಯೂ ಎರಡೂ ಅಲ್ಯೂಮಿನಿಯಂ ಇರುವುದನ್ನೇ ಕೇಳಿ, ಆಯಸ್ಕಾಂತದಿಂದ ಪರೀಕ್ಷಿಸಿ. ಸಾದಾ ಪಾಪ್ ರಿವೆಟ್‌ಗಳಲ್ಲಿ ಒಳಗೆ ಉಳಿಯುವ ಕಬ್ಬಿಣದ ಮೊಳೆ ಮಳೆಗಾಲದಲ್ಲಿ ಕೆಂಪು ಕಣ್ಣೀರು ಸುರಿಸುತ್ತದೆ.

6 ಮಿ.ಮೀ.ಗಿಂತ ದೊಡ್ಡ ತೂತು: ಆರ್ಗಾನ್ ವೆಲ್ಡಿಂಗ್

ಆರ್ಗಾನ್ ಅನಿಲದ ಹೊದಿಕೆಯೊಳಗೆ ಕರೆಂಟಿನಿಂದ ಲೋಹ ಕರಗಿಸಿ ಮಾಡುವ ಬೆಸುಗೆ ಇದು. ಮನೆಯಲ್ಲಿ ಮಾಡಲು ಹೋಗದೆ ಅಂಗಡಿಗೆ ಒಯ್ಯಿರಿ. ಆದರೆ ಏನು ಕೇಳಬೇಕೆಂದು ತಿಳಿದು ಹೋಗಿ.

ಮೊದಲ ಪ್ರಶ್ನೆ: ಮಷಿನ್ ಎಸಿ ಇದೆಯೇ? ಎಷ್ಟೋ ಆರ್ಗಾನ್ ಮಷಿನ್‌ಗಳು ಡಿಸಿ ಮಾತ್ರ; ಅವು ಸ್ಟೀಲಿಗೆ ಸರಿ, ಈ ತಗಡಿಗೆ ಆಗುವುದಿಲ್ಲ. ಅಲ್ಯೂಮಿನಿಯಂ ಮೇಲೆ ಸದಾ ಇರುವ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗಿಂತ ಹೆಚ್ಚು ಶಾಖ ಬೇಕು, ಅಡಿಯ ಲೋಹ 660ಕ್ಕೇ ಕರಗುತ್ತದೆ. ಎಸಿ ಕರೆಂಟಿನ ಅರ್ಧ ಅಲೆ ಆ ಪೊರೆಯನ್ನು ಒಡೆಯುತ್ತದೆ, ಇನ್ನರ್ಧ ಕರಗಿಸುತ್ತದೆ.

ಎರಡನೆಯದು ಕಡ್ಡಿ. ಮೆಗ್ನೀಷಿಯಂ ಬೆರೆತ ತಗಡಿಗೆ 5356 ನಂಬರಿನ ಕಡ್ಡಿ ಕೇಳಿ. ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ 4043 ಕಡ್ಡಿಯಲ್ಲಿ ಸಿಲಿಕಾನ್ ಇರುವುದರಿಂದ ಬೆಸುಗೆಯ ಜಾಗ ಸ್ವಲ್ಪ ಕಪ್ಪು ಬೂದಿಯಾಗಿ ಕಾಣುತ್ತದೆ. ಬಣ್ಣ ಹಚ್ಚುವ ಬಾಡಿಗೆ ಅದು ಲೆಕ್ಕಕ್ಕಿಲ್ಲ, ನಿಮಗೆ ಲೆಕ್ಕಕ್ಕಿದೆ. ಶುದ್ಧ ಅಲ್ಯೂಮಿನಿಯಂ ವೈರನ್ನು ಕಡ್ಡಿಯಾಗಿ ಬಳಸುವವರಿದ್ದಾರೆ. ಮೆಗ್ನೀಷಿಯಂ ತಗಡಿನ ಮೇಲೆ ಹಾಗೆ ಮಾಡಿದರೆ ಬೆಸುಗೆ ತಣಿಯುತ್ತಲೇ ಬಿರುಕು ಬಿಡುತ್ತದೆ.

ತೂತನ್ನು ದುಂಡಗೆ ಮಾಡಿ, ಅದೇ ದಪ್ಪದ ತಗಡಿನ ಬಿಲ್ಲೆ ಸಂದಿಲ್ಲದಂತೆ ಕೂರಬೇಕು. ಹಿಂದೆ ದಪ್ಪ ತಾಮ್ರದ ಪಟ್ಟಿ ಆನಿಸಬೇಕು. ತಾಮ್ರ ಶಾಖ ಹೀರಿಕೊಂಡು, ಕರಗಿದ ಲೋಹ ಹಿಂದಕ್ಕೆ ಸುರಿಯದಂತೆ ತಡೆಯುತ್ತದೆ. ಕರೆಂಟ್ 1 ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪಿಯರ್ ಲೆಕ್ಕ, ಅಂದರೆ 1.2ರ ತಗಡಿಗೆ 45ರಿಂದ 55. ಟಂಗ್‌ಸ್ಟನ್ (ಟಾರ್ಚಿನ ತುದಿಯ ಕರಗದ ಕಡ್ಡಿ) 1.6 ಮಿ.ಮೀ., ಶುದ್ಧ ಆರ್ಗಾನ್ ನಿಮಿಷಕ್ಕೆ 7ರಿಂದ 8 ಲೀಟರ್. ನಾಲ್ಕು ದಿಕ್ಕಿಗೆ ಎದುರುಬದುರಾಗಿ ಚುಕ್ಕೆ ಹಾಕಿ, ತಣಿಸುತ್ತ, ಚೂರು ಚೂರಾಗಿ ತುಂಬಬೇಕು. ಒಂದೇ ಸುತ್ತಿನಲ್ಲಿ ಎಳೆದರೆ ತಗಡು ಕುಗ್ಗಿ ಸುತ್ತ ಅಲೆ ಏಳುತ್ತದೆ. ಮೊದಲು ಅಷ್ಟೇ ದಪ್ಪದ ಬೇರೆ ತುಂಡಿನ ಮೇಲೆ ಮಾಡಿ ತೋರಿಸಲು ಹೇಳಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಿಸುವುದಿಲ್ಲ.

ಫ್ಯಾನ್, ಕೂಲರ್ ಆಫ್ ಆಗಬೇಕು. 42 ಡಿಗ್ರಿ ಸೆಕೆಯಲ್ಲಿ ಇದು ಕಠಿಣವೆಂದು ಗೊತ್ತು. ಆದರೆ ಗಾಳಿ ಆರ್ಗಾನ್ ಹೊದಿಕೆಯನ್ನು ಹಾರಿಸಿದರೆ ಬೆಸುಗೆಯೊಳಗೆ ಜೇನುಗೂಡಿನಂತೆ ಪೊಳ್ಳು ಉಳಿಯುತ್ತದೆ, ಉಜ್ಜಿದಷ್ಟೂ ಹೊಸ ತೂತು ಏಳುತ್ತವೆ.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆಗಳು ಮೂರು. ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕೆಲವು ಕ್ಲೋರಿನ್ ಬೆರೆತವು. ಅವುಗಳಿಂದ ಒರೆಸಿದ ಜಾಗದ ಮೇಲೆ ವೆಲ್ಡಿಂಗ್ ಬೆಳಕು ಬಿದ್ದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅಸಿಟೋನ್ ಮಾತ್ರ ಬಳಸಿ, ಅದೂ ಪೂರ್ತಿ ಆರಿದ ಮೇಲೇ ವೆಲ್ಡಿಂಗ್. ಬ್ಯಾಟರಿಯ ವೈರ್ ಬಿಚ್ಚಿ, ಹಿಂದಿನ ಸ್ಪಂಜು, ಹೊದಿಕೆ ತೆಗೆಯಿರಿ, ಪೆಟ್ರೋಲ್ ಟ್ಯಾಂಕ್ ಹತ್ತಿರವಿದ್ದರೆ ಟ್ಯಾಂಕ್ ಇಳಿಸದೆ ಕೆಲಸ ಬೇಡ. ಮೂರನೆಯದು, ಹೊಳೆಯುವ ಅಲ್ಯೂಮಿನಿಯಂ ವೆಲ್ಡಿಂಗ್ ಬೆಳಕನ್ನು ಕನ್ನಡಿಯಂತೆ ತಿರುಗಿಸಿ ಹೊಡೆಯುತ್ತದೆ. ಮುಖಕ್ಕೆ ಪರದೆ ಇದ್ದರೂ ಕುತ್ತಿಗೆ, ಗದ್ದದ ಅಡಿಯ ಚರ್ಮ ಸುಡುತ್ತದೆ, ಬಟ್ಟೆ ಸುತ್ತಿಕೊಳ್ಳಿ.

ಬೆಸುಗೆ ತಣಿದ ಮೇಲೆ ಹಂತ 6, 7 ಇದಕ್ಕೂ ಅವೇ.

ಇವು ಬೇಡ

ಗ್ಯಾಸ್ ಟಾರ್ಚಿನಲ್ಲಿ ಕರಗುವ "ಅಲ್ಯೂಮಿನಿಯಂ ಬೆಸುಗೆ ಕಡ್ಡಿ" ತರಿಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಅವುಗಳಲ್ಲಿ ಹೆಚ್ಚಿನವು ಸತುವಿನ ಮಿಶ್ರಣ, 400 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತವೆ. ಪಾತ್ರೆಗೋ ಕಾಣದ ಬ್ರಾಕೆಟ್‌ಗೋ ಸರಿ. ಬಾಡಿಯ ಮೇಲೆ ಸತುವಿನ ಕಪ್ಪು ಕಲೆ ಉಳಿಯುತ್ತದೆ, ಅಷ್ಟು ಶಾಖಕ್ಕೆ ಸುತ್ತಲಿನ ತಗಡು ಮೆತ್ತಗಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಒಮ್ಮೆ ಸತು ಸೇರಿದ ಜಾಗದಲ್ಲಿ ಮುಂದೆ ಆರ್ಗಾನ್ ವೆಲ್ಡಿಂಗ್ ನಿಲ್ಲುವುದಿಲ್ಲ; ಆ ಭಾಗವನ್ನು ಕತ್ತರಿಸಿಯೇ ತೆಗೆಯಬೇಕು.

ಎಪಾಕ್ಸಿ ಪುಟ್ಟಿ ಬಣ್ಣದ ಅಡಿಯಲ್ಲಿ ಇರಬೇಕಾದದ್ದು. ಬಣ್ಣವಿಲ್ಲದ ಮೈಮೇಲೆ ಅದು ಬೂದು ಬೊಟ್ಟು.

ಆಮೇಲಿನ ಆರೈಕೆ

ಉಜ್ಜಿದ ಜಾಗ ಮೊದಲು ಉಳಿದ ಬಾಡಿಗಿಂತ ಬೆಳ್ಳಗೆ ಕಾಣುತ್ತದೆ. ಇಡೀ ಪ್ಯಾನೆಲ್‌ಗೆ ಪಾಲಿಶ್ ಹೊಡೆದು ಮೇಣ ಹಚ್ಚಿ, ಎರಡು ಮೂರು ತಿಂಗಳಿಗೊಮ್ಮೆ ಮೇಣ ಮತ್ತೆ ಹಚ್ಚುತ್ತಿರಿ.

ವಾಡಿ, ಶಹಾಬಾದ್, ಸೇಡಂ, ಮಳಖೇಡ ಕಡೆ ಓಡಾಡುವ ಗಾಡಿಯಾದರೆ ಸಿಮೆಂಟ್ ಧೂಳಿನ ಮೇಲೆ ಕಣ್ಣಿರಲಿ. ಒಣ ಧೂಳು ಅಷ್ಟೇನೂ ಮಾಡುವುದಿಲ್ಲ. ಇಬ್ಬನಿಯೋ ಮಳೆಹನಿಯೋ ಬಿದ್ದರೆ ಅದು ಸುಣ್ಣದ ನೀರಿನಂತೆ ಕಟುವಾದ ಕ್ಷಾರವಾಗುತ್ತದೆ, ಅಲ್ಯೂಮಿನಿಯಂನ ಪೊರೆಯನ್ನು ತಿಂದುಹಾಕುತ್ತದೆ. ಹೊಸದಾಗಿ ಉಜ್ಜಿದ ಮೈಮೇಲಂತೂ ಬೇಗ ಕಲೆ ಬೀಳುತ್ತದೆ. ಒಣ ಬಟ್ಟೆಯಲ್ಲಿ ತಿಕ್ಕಬೇಡಿ, ಗೀರು ಬೀಳುತ್ತದೆ. ಧಾರಾಳ ನೀರು ಬಿಟ್ಟು ತೊಳೆದು, ಮೆತ್ತನೆ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಬೋರ್‌ವೆಲ್ ನೀರು ಹಾಗೇ ಆರಲು ಬಿಟ್ಟರೆ ಬಿಳಿ ಉಂಗುರ ಉಳಿಯುತ್ತದೆ. ವಾಷಿಂಗ್ ಸೋಡಾ, ಕಾಸ್ಟಿಕ್, ಬಾತ್‌ರೂಮ್ ಆಸಿಡ್ ಯಾವುದೂ ಬಾಡಿಯ ಹತ್ತಿರ ಬರದಿರಲಿ.

ಮೊದಲ ದೊಡ್ಡ ಮಳೆಯಾದ ಮೇಲೆ ಒಳಗಿನಿಂದ ಟಾರ್ಚ್ ಹಿಡಿದು ಪ್ರತಿ ರಿವೆಟ್ಟಿನ ತಲೆಯ ಸುತ್ತ ಬೆರಳಾಡಿಸಿ ನೋಡಿ. ಒದ್ದೆ ಕಂಡರೆ ಒಣಗಲು ಬಿಟ್ಟು, ಡಾಲಿ ಆನಿಸಿ ಹೊರಗಿನಿಂದ ಎರಡು ಚಪ್ಪಟೆ ಪೆಟ್ಟು ಕೊಟ್ಟು, ಒಳಗಡೆ ಪ್ರೈಮರ್ ಇನ್ನೊಮ್ಮೆ ಸವರಿ.